ಈಲ್ಯಾಂಡ್‌ನ ಬಾಲ ಹಿಡಿದ ಮನುಷ್ಯ: ಆಫ್ರಿಕಾದ ಬಂಡೆಚಿತ್ರಗಳನ್ನು ಓದುವುದು ಹೇಗೆ

ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲಿನಲ್ಲಿ ಕಾಮ್‌ಬರ್ಗ್ ಅನ್ನುವ ಜಾಗವಿದೆ. ಅಲ್ಲಿನ ಗುಡ್ಡ ಹತ್ತಿದರೆ ಗೇಮ್ ಪಾಸ್ ಎಂಬ ಕಲ್ಲಾಸರೆ ಸಿಗುತ್ತದೆ. ಮೇಲಿನ ಬಂಡೆ ಮುಂದಕ್ಕೆ ಚಾಚಿಕೊಂಡು, ಮನೆಯ ಸೂರಿನ ಹಾಗೆ ಮಳೆ ಬಿಸಿಲು ತಡೆಯುವ ತಾಣ ಅದು. ಅದರ ಗೋಡೆಯ ಮೇಲೆ ಒಂದು ಈಲ್ಯಾಂಡ್ ನಿಂತಿದೆ.

ಈಲ್ಯಾಂಡ್ ನೋಡಲು ಜಿಂಕೆಯ ಹಾಗಿದ್ದರೂ ಗಾತ್ರದಲ್ಲಿ ಭಾರಿ ಹೋರಿಗಿಂತ ಕಡಿಮೆಯಿಲ್ಲ. ನಮ್ಮ ನೀಲಗಾಯ್‌ಗೆ ದೂರದ ನೆಂಟ. ದೊಡ್ಡ ಗಂಡು 900 ಕಿಲೋ ತೂಗುವುದೂ ಉಂಟು. ಮೈತುಂಬ ಕೊಬ್ಬು. ಗೋಡೆಯ ಮೇಲಿನ ಈ ಈಲ್ಯಾಂಡ್ ಮಾತ್ರ ಸರಿಯಾಗಿಲ್ಲ. ತಲೆ ಕೆಳಗೆ ಇಳಿದಿದೆ. ಮೈಮೇಲಿನ ಕೂದಲು ನೆಟ್ಟಗೆ ನಿಂತಿದೆ. ಹಿಂಗಾಲುಗಳು ಒಂದಕ್ಕೊಂದು ತೊಡರಿಕೊಂಡಿವೆ. ಅದು ಸಾಯುತ್ತಿದೆ. ಅದರ ಹಿಂದೆ ಒಬ್ಬ ಮನುಷ್ಯ ನಿಂತು ಬಾಲ ಹಿಡಿದುಕೊಂಡಿದ್ದಾನೆ. ಅವನ ಕಾಲುಗಳೂ ಹಾಗೇ ತೊಡರಿಕೊಂಡಿವೆ. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅವನಿಗೆ ಪಾದಗಳೇ ಇಲ್ಲ. ಪಾದ ಇರಬೇಕಾದ ಕಡೆ ಗೊರಸು ಇದೆ.

ಈ ಚಿತ್ರದ ಫೋಟೊ ಮೊದಲ ಸಲ ನೋಡಿದಾಗ ನಾನು ಬೇಟೆಯ ಚಿತ್ರ ಅಂದುಕೊಂಡು ಮುಂದೆ ಹೋಗಿದ್ದೆ. ತುಂಬಾ ಕಾಲ ಪಂಡಿತರೂ ಹಾಗೇ ಅಂದುಕೊಂಡಿದ್ದರು. ಕಾಡಿನ ಜನ, ಹೊಟ್ಟೆಪಾಡಿಗೆ ಬೇಟೆ, ಬಿಡುವಾದಾಗ ಸುಮ್ನೆ ಗೋಡೆ ಮೇಲೆ ಒಂದು ಚಿತ್ರ. ಆದರೆ ಆ ಗೊರಸನ್ನು ಏನು ಮಾಡುವುದು? ಅಲ್ಲಿಂದಲೇ ಶುರು ಮಾಡೋಣ.

ಈ ಚಿತ್ರ ಬರೆದವರು ಸ್ಯಾನ್ ಜನರ ಪೂರ್ವಿಕರು. ‘ಬುಷ್‌ಮನ್’ ಅಂತ ಬಿಳಿಯರು ಕರೆಯುತ್ತಿದ್ದುದು ಇವರನ್ನೇ. ‘ಸ್ಯಾನ್’ ಕೂಡ ಅಕ್ಕಪಕ್ಕದ ದನಗಾಹಿಗಳು ಇಟ್ಟ ಹೆಸರು. ಒಂದೊಂದು ಗುಂಪಿಗೂ ಅದರದೇ ಹೆಸರಿದೆ: ಜುಹೊವಾನ್ಸಿ, ಖಾಮ್, ಹೀಗೆ. ಈ ಹೆಸರುಗಳನ್ನು ಕನ್ನಡದಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಯಾಕೆಂದರೆ ಅವರ ಭಾಷೆಗಳಲ್ಲಿ ನಾಲಗೆಯಿಂದ ಸಿಡಿಸುವ ವ್ಯಂಜನಗಳಿವೆ. ಅಯ್ಯೋ ಪಾಪ ಅನ್ನುವಾಗ ನಾವು ಲೊಚಗುಟ್ಟುತ್ತೇವಲ್ಲ, ಅದೊಂದು. ಎತ್ತು ಹೊಡೆಯುವಾಗ ಕೆನ್ನೆಯ ಬದಿಯಿಂದ ಹೊರಡಿಸುವ ಸದ್ದು ಇನ್ನೊಂದು. ನಮಗೆ ಇವು ಬರೀ ಸದ್ದು. ಅವರಿಗೆ ಕ, ಚ, ತ ಇದ್ದ ಹಾಗೆ ಅಕ್ಷರ.

ಪೆಟ್ರಿಶಿಯಾ ವಿನ್ನಿಕೊಂಬ್ ಎಂಬ ಸಂಶೋಧಕಿ 20ನೇ ಶತಮಾನದ ನಡುವೆ ಡ್ರಾಕೆನ್ಸ್‌ಬರ್ಗ್‌ನ ಕಲ್ಲಾಸರೆಗಳನ್ನು ಸುತ್ತಿ, 8000ಕ್ಕೂ ಹೆಚ್ಚು ಚಿತ್ರಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸಿದ ಮೇಲೆ ಒಂದು ಗೊತ್ತಾಯಿತು. ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಈಲ್ಯಾಂಡ್. ಅತಿ ಮುತುವರ್ಜಿಯಿಂದ, ಬಣ್ಣದ ಮೇಲೆ ಬಣ್ಣ ಕೂಡಿಸಿ ಬರೆದಿರುವುದೂ ಈಲ್ಯಾಂಡನ್ನೇ. ಹಿಂಡು ಹಿಂಡಾಗಿ ಮೇಯುತ್ತಿದ್ದ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆ ಹುಡುಕಿದರೂ ಸಿಗುವುದು ಕಷ್ಟ. ದಿನನಿತ್ಯದ ಗೆಡ್ಡೆ, ಬೀಜ, ಹಣ್ಣು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಿಂದದ್ದನ್ನೆಲ್ಲ ಬರೆದಿದ್ದರೆ ಹೀಗಾಗುತ್ತಿತ್ತಾ? ಯಾವುದನ್ನು ಬರೆಯಬೇಕು ಅಂತ ಅವರು ಆರಿಸಿಕೊಂಡಿದ್ದಾರೆ. ಹಾಗಾದರೆ ಈಲ್ಯಾಂಡೇ ಯಾಕೆ?

ಇದಕ್ಕೆ ಉತ್ತರ ಬಂಡೆಯಲ್ಲಿ ಇರಲಿಲ್ಲ. ಕೇಪ್‌ಟೌನ್‌ನ ಒಂದು ಜೈಲಿನಲ್ಲಿ ಇತ್ತು.

1870ರ ಸುಮಾರಿಗೆ ಕೇಪ್‌ಟೌನ್‌ನಲ್ಲಿ ವಿಲ್ಹೆಲ್ಮ್ ಬ್ಲೀಕ್ ಅನ್ನುವ ಜರ್ಮನ್ ಭಾಷಾತಜ್ಞ ಇದ್ದ. ಬಂದರಿನಲ್ಲಿ ಕಲ್ಲು ಹೊರುವ ಕೆಲಸಕ್ಕೆ ಹಾಕಿದ್ದ ಕೈದಿಗಳಲ್ಲಿ ಖಾಮ್ ಜನರೂ ಇದ್ದಾರೆ ಅಂತ ಅವನಿಗೆ ತಿಳಿಯಿತು. ಅವರ ನೆಲವನ್ನು ವಲಸಿಗ ರೈತರು ಹಿಡಿದುಕೊಂಡಿದ್ದರು. ಬೇಟೆಯ ಪ್ರಾಣಿಗಳು ಮುಗಿದಿದ್ದವು. ಹಸಿದವರು ಕುರಿ ದನ ಹಿಡಿದರೆ ಅದು ಕಳ್ಳತನ, ಅದಕ್ಕೆ ಜೈಲು. ಬ್ಲೀಕ್ ಅನುಮತಿ ಪಡೆದು ಕೆಲವರನ್ನು ತನ್ನ ಮನೆಗೇ ಕರೆತಂದ. ಅವರಲ್ಲಿ ಒಬ್ಬ ಕಾಬ್ಬೊ. ಆ ಹೆಸರಿಗೆ ಕನಸು ಅಂತ ಅರ್ಥ.

ಕಾಬ್ಬೊ ವಯಸ್ಸಾದ ಮನುಷ್ಯ. 1871ರಲ್ಲಿ ಬ್ಲೀಕ್ ಮನೆಗೆ ಬಂದ. ಶಿಕ್ಷೆಯ ಅವಧಿ ಮುಗಿದ ಮೇಲೂ, ಊರಿನ ಹಂಬಲ ಕಾಡುತ್ತಿದ್ದರೂ, 1873ರ ತನಕ ಅಲ್ಲೇ ಉಳಿದು ಪಾಠ ಹೇಳಿದ. ಹೌದು, ಪಾಠ ಅನ್ನುವ ಮಾತನ್ನೇ ಬಳಸುತ್ತೇನೆ. ಬ್ಲೀಕ್ ಮತ್ತು ಅವನ ನಾದಿನಿ ಲೂಸಿ ಲಾಯ್ಡ್ ಶಿಷ್ಯರು, ಕಾಬ್ಬೊ ಮೇಷ್ಟ್ರು. ಅವನ ನಂತರ ದಿಯಾಕ್ವೇನ್ ಮತ್ತಿತರರು ಬಂದರು. ಬ್ಲೀಕ್ 1875ರಲ್ಲಿ ತೀರಿಕೊಂಡ. ಲೂಸಿ ಕೆಲಸ ಬಿಡಲಿಲ್ಲ. ಒಟ್ಟು ಸುಮಾರು 12,000 ಪುಟ ತುಂಬಿತು. ಒಂದು ಕಡೆ ಖಾಮ್ ಭಾಷೆ, ಪಕ್ಕದಲ್ಲಿ ಇಂಗ್ಲಿಷ್. 20ನೇ ಶತಮಾನದಲ್ಲಿ ಆ ಭಾಷೆ ಮಾತಾಡುವವರೇ ಇಲ್ಲದೆ ಹೋಯಿತು. ಆ ನೋಟ್‌ಬುಕ್‌ಗಳು ಇಲ್ಲದಿದ್ದರೆ ಗೇಮ್ ಪಾಸ್‌ನ ಗೊರಸು ಇವತ್ತಿಗೂ ನಮಗೆ ಬರೀ ಗೊರಸಾಗಿರುತ್ತಿತ್ತು. ಈ ಇಡೀ ವಿಷಯದಲ್ಲಿ ನನ್ನ ಮನಸ್ಸನ್ನು ತಟ್ಟುವುದು ಇದೇ. ಎಲ್ಲ ಕಳೆದುಕೊಂಡ ಒಬ್ಬ ಕೈದಿ ಕೂತು ಹೇಳಿದ ಮಾತೇ ಬೀಗದ ಕೈ.

ಆ ಪುಟಗಳಲ್ಲಿ ಈಲ್ಯಾಂಡ್ ಬೇಟೆಯ ವಿಷಯ ಬರುತ್ತದೆ. ಅದನ್ನು ತಿಳಿಯಬೇಕಾದರೆ ಮೊದಲು ಅವರ ಬಾಣ ಹೇಗಿರುತ್ತದೆ ಅಂತ ಗೊತ್ತಿರಬೇಕು.

ಬಾಣ ಬಹಳ ಸಣ್ಣದು, ಹಗುರ. ಒಂದು ದೊಡ್ಡ ಪ್ರಾಣಿಯನ್ನು ಅದು ಗಾಯದಿಂದ ಕೊಲ್ಲಲಾರದು. ಕೊಲ್ಲುವುದು ವಿಷ. ಇವತ್ತಿಗೂ ಕಲಹಾರಿ ಮರುಭೂಮಿಯ ಸ್ಯಾನ್ ಬೇಟೆಗಾರರು ಒಂದು ಜಾತಿಯ ಜೀರುಂಡೆಯ ಮರಿಹುಳುಗಳನ್ನು ಪೊದೆಯ ಬುಡದಿಂದ ಅಗೆದು ತೆಗೆಯುತ್ತಾರೆ. ಹುಳುವನ್ನು ಹಿಂಡಿ ರಸವನ್ನು ಬಾಣಕ್ಕೆ ಸವರುತ್ತಾರೆ. ತುದಿಗೆ ಸವರುವುದಿಲ್ಲ, ತುದಿಯ ಹಿಂದಿನ ಭಾಗಕ್ಕೆ. ಕೈತಪ್ಪಿ ಚುಚ್ಚಿಕೊಂಡರೆ ತಾವೇ ಹೋಗಬಾರದಲ್ಲ. ಬಾಣವನ್ನು ತುಂಡು ತುಂಡಾಗಿ ಜೋಡಿಸಿರುತ್ತಾರೆ. ಪ್ರಾಣಿ ಪೊದೆಗೆ ಮೈ ಉಜ್ಜಿದರೆ ಹಿಂದಿನ ಕಡ್ಡಿ ಕಳಚಿ ಬೀಳುತ್ತದೆ, ವಿಷದ ಮೊನೆ ಒಳಗೇ ಉಳಿಯುತ್ತದೆ. ವಿಷ ಏರುವುದು ನಿಧಾನ. ದೊಡ್ಡ ಪ್ರಾಣಿಯಾದರೆ ಒಂದು ದಿನವೋ ಇನ್ನೂ ಜಾಸ್ತಿಯೋ ಬೇಕು. ಅಷ್ಟು ಹೊತ್ತು ಬೇಟೆಗಾರ ಹೆಜ್ಜೆ ಜಾಡು ಹಿಡಿದು ಹಿಂಬಾಲಿಸಬೇಕು.

ಈ ನಡುವಿನ ಹೊತ್ತೇ ಮುಖ್ಯ. ಪ್ರಾಣಿ ಪೂರ್ತಿ ಬದುಕಿಲ್ಲ, ಸತ್ತೂ ಇಲ್ಲ. ಆ ಹೊತ್ತಿನಲ್ಲಿ ಬೇಟೆಗಾರ ಹೇಗಿರಬೇಕು ಅಂತ ಖಾಮ್ ಹಿರಿಯರು ವಿವರವಾಗಿ ಹೇಳಿದ್ದಾರೆ. ಈಲ್ಯಾಂಡ್‌ಗೆ ಬಾಣ ಬಿಟ್ಟವನು ಓಡಬಾರದು. ಅವನು ಓಡಿದರೆ ಅದೂ ಓಡುತ್ತದೆ. ಕಾಯಿಲೆಯವನ ಹಾಗೆ ಕುಂಟುತ್ತಾ ನಿಧಾನ ಬರಬೇಕು. ಆಗ ಈಲ್ಯಾಂಡ್ ಕೂಡ ಸೊರಗುತ್ತದೆ. ಅವನನ್ನು ಬೇರೆ ಕೂರಿಸಿ, ಹಿರಿಯನೊಬ್ಬ ರೋಗಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾನೆ. ಅಷ್ಟರಲ್ಲಿ ಕಾಗ್ಗೆನ್ ಬರುತ್ತಾನೆ. ಕಾಗ್ಗೆನ್ ಅವರ ಸೃಷ್ಟಿಕರ್ತ, ಮಹಾ ಕಿತಾಪತಿಯವನು. ಈಲ್ಯಾಂಡನ್ನು ಹುಟ್ಟಿಸಿ ಜೇನು ತಿನ್ನಿಸಿ ಸಾಕಿದವನು ಅವನೇ. ಈಲ್ಯಾಂಡ್ ಸಾಯುವುದು ಅವನಿಗೆ ಇಷ್ಟವಿಲ್ಲ. ಅದಕ್ಕೆ ಹೇನಾಗಿ ಬಂದು ಬೇಟೆಗಾರನನ್ನು ಕಚ್ಚುತ್ತಾನೆ. ಬೇಟೆಗಾರ ಕೆರೆದುಕೊಂಡು ಹೇನನ್ನು ಕೊಂದರೆ ಮುಗಿಯಿತು. ಬಾಣ ಹಿಡಿದಿದ್ದ ಬೆರಳಿಗೆ ರಕ್ತ ಅಂಟುತ್ತದೆ, ಅದರಿಂದ ವಿಷ ತಣ್ಣಗಾಗುತ್ತದೆ, ಈಲ್ಯಾಂಡ್ ಎದ್ದು ಹೋಗುತ್ತದೆ. ಹೇನು ಎಷ್ಟು ಕಚ್ಚಿದರೂ ಅಲುಗದೆ ಕೂತಿರುವ ಆ ಬೇಟೆಗಾರನನ್ನು ಒಮ್ಮೆ ನೆನೆಸಿಕೊಳ್ಳಿ. ಮೈಲಿಗಳ ಆಚೆ ಎಲ್ಲೋ ಒಂದು ಪ್ರಾಣಿ ತಲೆ ತಗ್ಗಿಸಿ ತೂಗಾಡುತ್ತಿದೆ. ಇಬ್ಬರನ್ನೂ ಕಾಣದ ಒಂದು ದಾರ ಕಟ್ಟಿಹಾಕಿದೆ.

ಈಗ ಕುಣಿತದ ವಿಷಯ. ಕಲಹಾರಿಯ ಜುಹೊವಾನ್ಸಿ ಜನರಲ್ಲಿ ಇದು ಈಗಲೂ ಉಂಟು. ರಾತ್ರಿ ಬೆಂಕಿ ಹಾಕಿ, ಹೆಂಗಸರು ಸುತ್ತ ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಗಂಡಸರು ಕಾಲಿಗೆ ಹುಳುಗಳ ಒಣಗಿದ ಗೂಡುಗಳ ಗೆಜ್ಜೆ ಕಟ್ಟಿ ಅವರ ಸುತ್ತ ಗಂಟೆಗಟ್ಟಲೆ ಕುಣಿಯುತ್ತಾರೆ. ಹೊಟ್ಟೆಯೊಳಗೆ ಒಂದು ಶಕ್ತಿ ಕುದಿಯಲು ಶುರುವಾಗುತ್ತದೆ ಅನ್ನುತ್ತಾರೆ ಅವರು. ಅದು ಬೆನ್ನುಹುರಿಯಲ್ಲಿ ಮೇಲೇರುತ್ತದೆ. ಮೈ ನಡುಗುತ್ತದೆ, ಬೆವರು ಸುರಿಯುತ್ತದೆ, ಸೊಂಟ ಬಾಗುತ್ತದೆ. ಆಮೇಲೆ ಬೀಳುತ್ತಾರೆ. ಅವರ ಮಾತಿನಲ್ಲಿ ಅದು ಸಾವು. ಖಾಮ್ ಹಿರಿಯರು ಹೇಳಿದ ಪ್ರಕಾರ ಹೀಗೆ ಶಕ್ತಿ ಏರಿಸಿಕೊಳ್ಳುವ ಮಾಂತ್ರಿಕರ ಮೂಗಿನಿಂದ ರಕ್ತವೂ ಬರುತ್ತಿತ್ತು. ಹಾಗೆ ‘ಸತ್ತವರು’ ಆ ಕಡೆಯ ಲೋಕಕ್ಕೆ ಹೋಗಿ, ಕಾಯಿಲೆ ತರುವವರ ಜೊತೆ ಗುದ್ದಾಡಿ, ರೋಗಿಗಳನ್ನು ಉಳಿಸಿ ವಾಪಸ್ ಬರುತ್ತಾರೆ.

ನಮ್ಮ ಕಡೆ ಮೈಮೇಲೆ ದೇವರು ಬರುವುದನ್ನು ಕಂಡವರಿಗೆ ಇದು ಅಷ್ಟೇನೂ ಹೊಸದು ಅನ್ನಿಸದು. ಆದರೆ ದಿಕ್ಕು ಬೇರೆ. ನಮ್ಮಲ್ಲಿ ದೇವರು ಮನುಷ್ಯನ ಒಳಗೆ ಬರುತ್ತದೆ. ಅವರಲ್ಲಿ ಮನುಷ್ಯ ತನ್ನ ಮೈ ಬಿಟ್ಟು ಹೊರಗೆ ಹೋಗುತ್ತಾನೆ.

ಈಗ ಗೇಮ್ ಪಾಸ್‌ಗೆ ಮರಳಿ. ವಿಷ ಏರಿದ ಈಲ್ಯಾಂಡ್ ತಲೆ ತಗ್ಗಿಸುತ್ತದೆ, ನಡುಗುತ್ತದೆ, ಬೆವರುತ್ತದೆ, ಅದರ ಕೂದಲು ನಿಲ್ಲುತ್ತದೆ, ಕಾಲು ತೊಡರುತ್ತದೆ. ಶಕ್ತಿ ಏರಿದ ಮಾಂತ್ರಿಕನಿಗೂ ಹೆಚ್ಚುಕಡಿಮೆ ಅದೇ ಆಗುತ್ತದೆ. ಎರಡೂ ಒಂದೇ ಥರದ ಸಾವು. ಚಿತ್ರಕಾರ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಥರ ಕಾಲು ತೊಡರಿಸಿ, ಬಾಲದಿಂದ ಜೋಡಿಸಿದ್ದಾನೆ. ಗೊರಸು ಹಾಕಿ ಇನ್ನೂ ಬಿಡಿಸಿ ಹೇಳಿದ್ದಾನೆ: ಈ ಮನುಷ್ಯ ಈಲ್ಯಾಂಡ್ ಆಗುತ್ತಿದ್ದಾನೆ. ಸಾಯುವ ಈಲ್ಯಾಂಡ್‌ನಿಂದ ಶಕ್ತಿ ಅವನಿಗೆ ಹರಿಯುತ್ತಿದೆ. ಡೇವಿಡ್ ಲೂಯಿಸ್-ವಿಲಿಯಮ್ಸ್ ಎಂಬ ದಕ್ಷಿಣ ಆಫ್ರಿಕಾದ ಸಂಶೋಧಕರು ಬ್ಲೀಕ್ ಮತ್ತು ಲಾಯ್ಡ್ ಪುಟಗಳನ್ನೂ ಕಲಹಾರಿಯ ಕುಣಿತವನ್ನೂ ಮುಂದಿಟ್ಟುಕೊಂಡು 1980ರ ದಶಕದಲ್ಲಿ ಈ ಓದನ್ನು ಕಟ್ಟಿದರು. ಬರೀ ಮಾಂತ್ರಿಕನಿಗಷ್ಟೇ ಅಲ್ಲ, ಹುಡುಗಿ ಮೈನೆರೆದಾಗ ಹೆಂಗಸರು ಕುಣಿಯುವುದು ಈಲ್ಯಾಂಡ್ ಕುಣಿತ, ಹುಡುಗ ಬೇಟೆಗಾರ ಅನ್ನಿಸಿಕೊಳ್ಳುವಾಗಲೂ ಈಲ್ಯಾಂಡ್ ಬೇಕು. ಬದುಕು ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಕಡೆಯಲ್ಲೆಲ್ಲ ಅದೇ ನಿಂತಿರುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಅದೂ ಚಿತ್ರ ಬರೆಯುವವರ ಕಾಲದ್ದೇ. 1873ರ ಕೊನೆಗೆ ಜೋಸೆಫ್ ಓರ್ಪೆನ್ ಎಂಬ ಅಧಿಕಾರಿ ಇಂದಿನ ಲೆಸೋತೊದ ಬೆಟ್ಟಗಳಲ್ಲಿ ಹೋಗುವಾಗ ಕಿಂಗ್ ಎಂಬ ಸ್ಯಾನ್ ಯುವಕ ದಾರಿ ತೋರಿಸಲು ಬಂದ. ಬೀಡಿನಲ್ಲಿ ಬೆಂಕಿಯ ಮುಂದೆ ಕೂತಾಗ ಮಾತು ಚಿತ್ರಗಳ ಕಡೆ ಹೋಯಿತು. ಪ್ರಾಣಿಯ ತಲೆ ಹೊತ್ತ ಮನುಷ್ಯರು ಯಾರು ಅಂತ ಓರ್ಪೆನ್ ಕೇಳಿದ. ಅವರು ಸತ್ತು ಈಗ ನೀರಿನಲ್ಲಿರುವವರು, ಈಲ್ಯಾಂಡ್‌ಗಳು ಕೆಟ್ಟುಹೋದ ಹೊತ್ತಿಗೇ, ಕುಣಿತದಿಂದ ಅವರೂ ಕೆಟ್ಟುಹೋದರು ಅಂತ ಕಿಂಗ್ ಹೇಳಿದ. ಬರೆದುಕೊಂಡ ಓರ್ಪೆನ್‌ಗೆ ಇದು ಒಗಟು. ನೂರು ವರ್ಷ ಅದು ಒಗಟಾಗಿಯೇ ಉಳಿಯಿತು. ಸಾವು, ನೀರಿನಡಿ, ಕೆಡುವುದು, ಇವೆಲ್ಲ ಮೈಮರೆತು ಆ ಲೋಕಕ್ಕೆ ಹೋಗುವುದನ್ನು ಹೇಳುವ ಮಾತುಗಳು ಅಂತ ಲೂಯಿಸ್-ವಿಲಿಯಮ್ಸ್ ತೋರಿಸಿದರು. ಕಾಗ್ಗೆನ್ ಎಲ್ಲಿದ್ದಾನೆ ಅಂತಲೂ ಓರ್ಪೆನ್ ಕೇಳಿದ್ದ. ನಮಗೆ ಗೊತ್ತಿಲ್ಲ, ಈಲ್ಯಾಂಡ್‌ಗಳಿಗೆ ಗೊತ್ತು ಅಂದ ಕಿಂಗ್.

ಇಷ್ಟು ಗೊತ್ತಾದ ಮೇಲೆ ಬಂಡೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಡ್ರಾಕೆನ್ಸ್‌ಬರ್ಗ್‌ನಲ್ಲಿ ಎಷ್ಟೋ ಕಡೆ ಹಾವೋ ಪ್ರಾಣಿಯೋ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಅಳಿಸಿ ಹೋಗಿದೆ ಅಂತ ಅನ್ನಿಸುತ್ತದೆ. ಸರಿಯಾಗಿ ನೋಡಿದರೆ ಅದು ಬಂಡೆಯ ಒಂದು ಬಿರುಕಿನಿಂದ ಹೊರಗೆ ಬರುತ್ತಿದೆ. ಆ ಜನರಿಗೆ ಬಂಡೆ ಒಂದು ತೆಳು ಪರದೆ. ಪರದೆಯ ಹಿಂದೆ ಇನ್ನೊಂದು ಲೋಕ. ಚಿತ್ರಕಾರ ಹಿಂದೆ ಇರುವುದನ್ನು ಮುಂದಕ್ಕೆ ಬರಿಸಿದ್ದಾನೆ. ಮಳೆಯ ಚಿತ್ರಗಳೂ ಹೀಗೇ. ಹಿಪ್ಪೊ ಥರದ ಒಂದು ದಪ್ಪ ಪ್ರಾಣಿಯನ್ನು ಜನ ಹಗ್ಗ ಹಾಕಿ ಎಳೆಯುತ್ತಿರುತ್ತಾರೆ. ಓರ್ಪೆನ್ ಮಾಡಿದ ನಕಲನ್ನು ಬ್ಲೀಕ್ ತೋರಿಸಿದಾಗ ದಿಯಾಕ್ವೇನ್ ಕೂಡಲೇ ಗುರುತು ಹಿಡಿದ. ಅದು ಮಳೆ-ಪ್ರಾಣಿ. ಅದನ್ನು ನೀರಿನಿಂದ ಹಿಡಿದು, ಬರ ಬಿದ್ದ ನೆಲದ ಮೇಲೆ ನಡೆಸಿ ಕೊಯ್ದರೆ ಅದರ ರಕ್ತ ಬಿದ್ದಲ್ಲಿ ಮಳೆ.

ಎಲ್ಲರೂ ಈ ಓದನ್ನು ಒಪ್ಪಿಲ್ಲ. ಕಲಹಾರಿಯ ಕುಣಿತ ಹಿಡಿದುಕೊಂಡು ಅಷ್ಟು ದೂರದ ಬೆಟ್ಟದ ಚಿತ್ರ ವಿವರಿಸುವುದು ಸರಿಯೇ ಅಂತ ಕೇಳುವವರಿದ್ದಾರೆ. ಆನ್ ಸಾಲೊಮನ್ ಎಂಬ ಸಂಶೋಧಕಿ, ಈ ಪ್ರಾಣಿತಲೆಯವರು ಮೈಮರೆತ ಮಾಂತ್ರಿಕರಲ್ಲ, ನಿಜವಾಗಿ ಸತ್ತವರ ಆತ್ಮಗಳು ಅನ್ನುತ್ತಾರೆ. ಕಿಂಗ್‌ನ ಮಾತನ್ನು ನೇರವಾಗಿ ತೆಗೆದುಕೊಂಡರೆ ಹಾಗೂ ಆಗುತ್ತದೆ. ಎಲ್ಲ ಚಿತ್ರಕ್ಕೂ ಒಂದೇ ಕೀಲಿ ಹಾಕಲು ಹೋಗುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಗಮನಿಸಿ, ಜಗಳ ಆಡುವ ಎರಡೂ ಕಡೆಯವರು ಕೈಯಲ್ಲಿ ಹಿಡಿದಿರುವುದು ಕಿಂಗ್, ಕಾಬ್ಬೊ, ದಿಯಾಕ್ವೇನ್ ಹೇಳಿದ್ದನ್ನೇ.

ಆ ಮಾತು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಹರಾ ನೋಡಿ. ಆಲ್ಜೀರಿಯಾದ ತಸಿಲಿ ನಾಜೆರ್ ಪ್ರಸ್ಥಭೂಮಿಯಲ್ಲಿ 15,000ಕ್ಕೂ ಹೆಚ್ಚು ಚಿತ್ರ ಮತ್ತು ಕೆತ್ತನೆಗಳಿವೆ. ಈಗ ಮರಳುಗಾಡಾಗಿರುವ ಆ ಸೀಮೆ ಸುಮಾರು 11,000ದಿಂದ 5,000 ವರ್ಷಗಳ ಹಿಂದಿನ ತನಕ ಹಸಿರಾಗಿತ್ತು. ಜಿರಾಫೆ, ಆನೆ, ಹಿಪ್ಪೊ, ಆಮೇಲೆ ದನದ ಮಂದೆ, ಆಮೇಲೆ ಕುದುರೆ, ಕೊನೆಗೆ ಒಂಟೆ. ಮಳೆ ಹಿಂದೆ ಸರಿದ ಕಥೆ ಬಂಡೆಯ ಮೇಲೇ ಕಾಣುತ್ತದೆ. ಆದರೆ ಅಲ್ಲಿನ ದುಂಡುತಲೆಯ ದೈತ್ಯರು ಯಾರು? ಹೇಳುವ ಕಿಂಗ್ ಅಲ್ಲಿ ಯಾರಿಗೂ ಸಿಗಲಿಲ್ಲ.

ಇನ್ನು ಕಾಲದ ಮಾತು. ಡ್ರಾಕೆನ್ಸ್‌ಬರ್ಗ್‌ನ ಈಗ ಉಳಿದಿರುವ ಚಿತ್ರಗಳಲ್ಲಿ ಹಳೆಯವು ಸುಮಾರು 3000 ವರ್ಷದವು, ಹೊಸವು 19ನೇ ಶತಮಾನದವು. ಬಯಲ ಬಂಡೆಯ ಬಣ್ಣ ಅದಕ್ಕಿಂತ ಜಾಸ್ತಿ ತಾಳುವುದು ಕಷ್ಟ. ಆದರೆ ನಮೀಬಿಯಾದ ಒಂದು ಗುಹೆಯ ಮಣ್ಣಿನಡಿ ಬಣ್ಣದ ಕಲ್ಲುಹಲಗೆಗಳು ಸಿಕ್ಕಿವೆ. ಅವು ಸುಮಾರು 30,000 ವರ್ಷ ಹಳೆಯವು. 1969ರ ಜುಲೈನಲ್ಲಿ ಅಗೆಯುತ್ತಿದ್ದಾಗ ಚಂದ್ರನಿಂದ ಗಗನಯಾತ್ರಿಗಳು ಮರಳಿದ ಸುದ್ದಿ ಬಂತು, ಅದಕ್ಕೇ ಆ ಗುಹೆಯ ಹೆಸರು ಅಪೊಲೊ 11. ಅಲ್ಲಿನ ಒಂದು ಹಲಗೆಯ ಮೇಲೆ ಬೆಕ್ಕಿನ ಜಾತಿಯ ಪ್ರಾಣಿಯೊಂದಿದೆ. ಅದರ ಹಿಂಗಾಲು ಮನುಷ್ಯರ ಕಾಲಿನ ಹಾಗಿದೆ. ಕೇಪ್ ತೀರದ ಬ್ಲೊಂಬೊಸ್ ಗುಹೆ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ಅಲ್ಲಿ 73,000 ವರ್ಷ ಹಿಂದೆ ಯಾರೋ ಕೆಮ್ಮಣ್ಣಿನ ತುಂಡು ಹಿಡಿದು ಸಣ್ಣ ಕಲ್ಲಿನ ಮೇಲೆ ಆರು ಗೆರೆ ಎಳೆದು, ಅದಕ್ಕೆ ಅಡ್ಡ ಮೂರು ಗೆರೆ ಎಳೆದಿದ್ದಾರೆ. ಅದೇ ಗುಹೆಯಲ್ಲಿ 1,00,000 ವರ್ಷ ಹಳೆಯ ಎರಡು ಕಡಲಚಿಪ್ಪು ಸಿಕ್ಕಿವೆ. ಅವುಗಳೊಳಗೆ ಕೆಮ್ಮಣ್ಣು, ಇದ್ದಿಲು, ಮೂಳೆಯ ಕೊಬ್ಬು ಕಲಸಿದ ಗುರುತಿದೆ. ಹಳ್ಳಿಮನೆಗಳ ಗೋಡೆಯ ಬುಡಕ್ಕೆ ಅಜ್ಜಿಯರು ಕೆಮ್ಮಣ್ಣು ಕಲಸಿ ಬಳಿಯುವುದನ್ನು ನೋಡಿದ್ದೀರಲ್ವಾ? ಆ ಕೆಂಪೂ ಈ ಕೆಂಪೂ ಒಂದೇ, ಕಬ್ಬಿಣದ ತುಕ್ಕಿನ ಕೆಂಪು.

ಅವರ ಬದುಕು ಬರೀ ಬೇಟೆ ಅಂತಲೂ ಅಂದುಕೊಳ್ಳಬೇಡಿ. 1960ರ ದಶಕದಲ್ಲಿ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ ಜುಹೊವಾನ್ಸಿ ಜನರ ಜೊತೆಗಿದ್ದು ಊಟವನ್ನು ತೂಗಿ ನೋಡಿದರು. ಮೂರರಲ್ಲಿ ಎರಡು ಪಾಲಿನಷ್ಟು ಗೆಡ್ಡೆ, ಕಾಯಿ, ಬೀಜ. ಮೊಂಗೊಂಗೊ ಎಂಬ ಮರದ ಬೀಜ ಆಗ ಅವರ ಮುಖ್ಯ ಆಹಾರ. ಅದನ್ನೆಲ್ಲ ತರುತ್ತಿದ್ದುದು ಹೆಚ್ಚಾಗಿ ಹೆಂಗಸರು, ಒಂದು ಅಗೆಯುವ ಕೋಲು ಹಿಡಿದು. ಈ ಅಡುಗೆಯೂ ಹಳೆಯದೇ. ದಕ್ಷಿಣ ಆಫ್ರಿಕಾದ ಬಾರ್ಡರ್ ಕೇವ್ ಎಂಬ ಗುಹೆಯಲ್ಲಿ 1,70,000 ವರ್ಷ ಹಿಂದೆ ಸುಟ್ಟ ಗೆಡ್ಡೆಗಳು ಬೂದಿಯಲ್ಲಿ ಸಿಕ್ಕಿವೆ. ಸಿಬುಡು ಎಂಬ ಕಲ್ಲಾಸರೆಯಲ್ಲಿ 77,000 ವರ್ಷದ ಹಾಸಿಗೆಯಿದೆ. ಜೊಂಡು ಹಾಸಿ ಮೇಲೆ ಸೊಳ್ಳೆ ಓಡಿಸುವ ಗುಣದ ಎಲೆಗಳನ್ನು ಹರಡಿದ್ದಾರೆ. ಸೊಳ್ಳೆಕಾಟ ಅವರಿಗೂ ಇತ್ತು.

ಮಾಂಸ ಹಂಚುವ ಕ್ರಮ ನನಗೆ ತುಂಬಾ ಇಷ್ಟ. ಪ್ರಾಣಿ ಕೊಂದವನದಲ್ಲ, ಮೊದಲು ನಾಟಿದ ಬಾಣ ಯಾರದೋ ಅವರದು. ಬಾಣಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತಾರೆ. ಹಾಗಾಗಿ ಗುರಿ ಇಡಲಾಗದ ಮುದುಕನಿಗೂ ಹಂಚುವ ಗೌರವ ಸಿಗುತ್ತದೆ. ದೊಡ್ಡ ಬೇಟೆ ತಂದವನನ್ನು ಯಾರೂ ಹೊಗಳುವುದಿಲ್ಲ. ಈ ಬಡಕಲು ಪ್ರಾಣಿಗೆ ಇಷ್ಟು ದೂರ ಬಂದೆವಾ ಅಂತ ಹೀಯಾಳಿಸುತ್ತಾರೆ. ಅವನೂ ಹೌದು ಅನ್ನುತ್ತಾನೆ. ಯಾರ ತಲೆಯೂ ತಿರುಗಬಾರದು ಅಂತ ಬೇಕೆಂದೇ ಕಟ್ಟಿಕೊಂಡ ಪದ್ಧತಿ ಇದು.

18 ಮತ್ತು 19ನೇ ಶತಮಾನದಲ್ಲಿ ವಲಸಿಗರ ಕುದುರೆ ದಂಡುಗಳು ದಕ್ಷಿಣ ಆಫ್ರಿಕಾದ ಸ್ಯಾನ್ ಜನರನ್ನು ಬೇಟೆಯಾಡಿ ಕೊಂದವು. ಕೊನೆಯ ಚಿತ್ರಗಳಲ್ಲಿ ಕುದುರೆ ಸವಾರರು, ಬಂದೂಕು ಎಲ್ಲ ಬರುತ್ತದೆ. ಉಳಿದವರು ಅಕ್ಕಪಕ್ಕದ ಜನರಲ್ಲಿ ಬೆರೆತುಹೋದರು. 2000ದಲ್ಲಿ ದಕ್ಷಿಣ ಆಫ್ರಿಕಾ ಹೊಸ ರಾಷ್ಟ್ರಲಾಂಛನ ಮಾಡಿಕೊಂಡಾಗ ನಡುವಿನ ಮನುಷ್ಯರನ್ನು ಒಂದು ಸ್ಯಾನ್ ಬಂಡೆಚಿತ್ರದಿಂದ ತೆಗೆದುಕೊಂಡಿತು. ಕೆಳಗಿನ ಧ್ಯೇಯವಾಕ್ಯ ಕಾಬ್ಬೊನ ಭಾಷೆಯಲ್ಲಿದೆ.

1980ರ ದಶಕದಲ್ಲಿ, ಆ ಚಿತ್ರ ಬರೆದವರ ಪೈಕಿ ಇನ್ನು ಯಾರೂ ಉಳಿದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾಗ, ಈಸ್ಟರ್ನ್ ಕೇಪ್ ಸೀಮೆಯ ಒಂದು ಹಳ್ಳಿಯಲ್ಲಿ ಸಂಶೋಧಕರಿಗೆ ಒಬ್ಬ ಅಜ್ಜಿ ಸಿಕ್ಕಿದಳು. ಅವಳ ಅಪ್ಪ ಸ್ಯಾನ್, ಚಿತ್ರ ಬರೆಯುತ್ತಿದ್ದವನು. ಬಣ್ಣಕ್ಕೆ ಈಲ್ಯಾಂಡ್‌ನ ರಕ್ತ ಬೆರೆಸುತ್ತಿದ್ದರು ಅಂತ ಅವಳು ಹೇಳಿದಳು. ಅವಳನ್ನು ಚಿತ್ರಗಳಿದ್ದ ಕಲ್ಲಾಸರೆಗೆ ಕರೆದುಕೊಂಡು ಹೋದರು. ಕುಣಿಯುವಾಗ ಶಕ್ತಿ ಸಾಲದೆ ಬಂದರೆ ಏನು ಮಾಡುತ್ತಿದ್ದರು ಅಂತ ತೋರಿಸಲು ಅವಳು ಅಲ್ಲೇ ಕುಣಿದಳು. ಕುಣಿಯುತ್ತಾ ಗೋಡೆಯ ಕಡೆ ತಿರುಗಿದಳು. ಎರಡೂ ಕೈ ಎತ್ತಿ ಈಲ್ಯಾಂಡ್‌ನ ಕಡೆ ಚಾಚಿದಳು.